ಸೈನಿಕನ ನಿಷ್ಠೆ ಯಾರಿಗೆ?

ಮಡಿಕೇರಿಯ ‘ಸನ್ನಿಸೈಡ್’ ಎಂಬ ಮನೆಯಿಂದ ಮೂವರು ಸೋದರರು ಸೈನ್ಯ ಸೇರಿದರು. ಹಿರಿಯ ಪೊನ್ನಪ್ಪ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸುಭಾಷಚಂದ್ರ ಬೋಸರ ಆಜಾದ್ ಹಿಂದ್ ಫೌಜಿಗೆ ಸೇರಿಕೊಂಡರು. ನಡುವಿನವರು ಅದೇ ಯುದ್ಧದಲ್ಲಿ ಬ್ರಿಟಿಷ್ ಧ್ವಜದಡಿ ಜಪಾನೀಯರ ವಿರುದ್ಧ ಹೋರಾಡಿ ಶೌರ್ಯಪದಕ ಗಳಿಸಿದರು. ಕಿರಿಯ ಸೋಮಯ್ಯ ಸ್ವತಂತ್ರ ಭಾರತದ ಮೊದಲ ಯುದ್ಧದಲ್ಲಿ, 1947-48ರ ಕಾಶ್ಮೀರ ಕಾರ್ಯಾಚರಣೆಯ ವೇಳೆ, ನೆಲಬಾಂಬಿಗೆ ಬಲಿಯಾದರು. ಒಂದೇ ಮನೆಯ ಅನ್ನ ಉಂಡು ಬೆಳೆದವರು ಮೂರು ಬೇರೆ ಬೇರೆ ಬಾವುಟಗಳಡಿ ನಿಂತರು. ಆದರೂ ಮೂವರೂ ತಾವು ದುಡಿದದ್ದು ದೇಶಕ್ಕಾಗಿಯೇ ಎಂದು ನಂಬಿದ್ದರು.

ನಡುವಿನವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದವರು. ಜೋಜಿ ಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಸಾಹಸಿ ಎಂದು ಅವರನ್ನು ಕನ್ನಡ ನಾಡು ನೆನೆಯುತ್ತದೆ. ಆದರೆ ಅವರ ಬದುಕನ್ನು ಇಡಿಯಾಗಿ ನೋಡಿದರೆ ಎದ್ದು ಕಾಣುವುದು ಒಂದು ಪ್ರಶ್ನೆ: ಸಮವಸ್ತ್ರ ತೊಟ್ಟವನ ನಿಷ್ಠೆ ಯಾರಿಗೆ ಸಲ್ಲಬೇಕು? ಸಂಬಳ ಕೊಡುವ ಸರ್ಕಾರಕ್ಕೋ, ಹುಟ್ಟಿದ ನಾಡಿಗೋ, ತನ್ನ ಕೈಕೆಳಗಿನ ಜವಾನರಿಗೋ, ಸ್ವಂತ ಆತ್ಮಸಾಕ್ಷಿಗೋ? ಈ ಪ್ರಶ್ನೆ ಅವರನ್ನು ಇಪ್ಪತ್ತರ ಹರೆಯದಿಂದ ಐವತ್ತು ದಾಟುವವರೆಗೂ ಬಿಡಲಿಲ್ಲ.

ಕೊಡಂದೇರ ಒಕ್ಕ

ಕೊಡವರಲ್ಲಿ ಒಕ್ಕ ಎಂದರೆ ಒಬ್ಬ ಮೂಲಪುರುಷನಿಂದ ಬಂದ ಇಡೀ ಕುಟುಂಬ. ಆ ಒಕ್ಕದ ಹೆಸರೇ ಪ್ರತಿಯೊಬ್ಬರ ಹೆಸರಿನ ಮೊದಲ ಭಾಗ. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, ಮುಂದೆ ಫೀಲ್ಡ್ ಮಾರ್ಷಲ್ ಆದ ಕೆ.ಎಂ. ಕಾರ್ಯಪ್ಪನವರೂ ಕೊಡಂದೇರ ಒಕ್ಕದವರೇ. 1949ರ ಜನವರಿ 15ರಂದು ಕಾರ್ಯಪ್ಪ ಅಧಿಕಾರ ವಹಿಸಿಕೊಂಡರು. ಎಂಟು ವರ್ಷ ಕಳೆದು ಅದೇ ಒಕ್ಕದ ಇನ್ನೊಬ್ಬರು ಅದೇ ಪೀಠವೇರಿದರು. ಒಂದು ಪುಟ್ಟ ಜಿಲ್ಲೆಯ ಒಂದು ಮನೆತನದ ಹೆಸರು ಭಾರತೀಯ ಸೇನೆಯ ನೆತ್ತಿಯ ಮೇಲೆ ಎರಡು ಬಾರಿ ಕಾಣಿಸಿಕೊಂಡದ್ದು ಅಪರೂಪದ ಸಂಗತಿ.

ಕೊಡಗಿನಲ್ಲಿ ಆಯುಧವೆಂದರೆ ಮನೆಯ ಒಡವೆ. ಕೈಲ್ ಮುಹೂರ್ತದಲ್ಲಿ ಕೋವಿ ಕತ್ತಿಗಳಿಗೆ ಪೂಜೆ ನಡೆಯುತ್ತದೆ. ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುವುದು, ಸಾವಿನ ಸುದ್ದಿಯನ್ನೂ ಗುಂಡಿನ ಸದ್ದಿನಿಂದಲೇ ಊರಿಗೆ ತಿಳಿಸುವುದು ಹಳೆಯ ಪದ್ಧತಿ. ಬ್ರಿಟಿಷರು ದೇಶವನ್ನೆಲ್ಲ ನಿಶ್ಶಸ್ತ್ರಗೊಳಿಸಿದಾಗಲೂ ಕೊಡವರಿಗೆ ಕೋವಿಯ ವಿನಾಯಿತಿ ಕೊಟ್ಟಿದ್ದರು. ಆದರೆ ಕೋವಿ ಹಿಡಿಯುವ ಸಂಪ್ರದಾಯ ಒಂದು, ವೃತ್ತಿಯಾಗಿ ಸೈನ್ಯಕ್ಕೆ ಹೋಗುವುದು ಇನ್ನೊಂದು. ತಿಮ್ಮಯ್ಯನವರ ತಂದೆ ಕಾಫಿ ಬೆಳೆಗಾರರು, ಅನುಕೂಲಸ್ಥರು. ತಾಯಿ ಸೀತಮ್ಮ ವಿದ್ಯಾವಂತೆ, ಸಮಾಜಸೇವೆಯಲ್ಲಿ ತೊಡಗಿದ್ದವರು. ತೋಟದ ಮನೆಯನ್ನು ಸೈನಿಕರ ಮನೆಯಾಗಿಸಿದ್ದು ಈ ಮೂವರು ಮಕ್ಕಳೇ.

1906ರ ಮಾರ್ಚಿನಲ್ಲಿ ಹುಟ್ಟಿದ ತಿಮ್ಮಯ್ಯನವರು ಕೂನೂರಿನ ಸೇಂಟ್ ಜೋಸೆಫ್ಸ್ ಶಾಲೆಯಲ್ಲೂ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲೂ ಓದಿದರು. 1922ರಲ್ಲಿ ಡೆಹರಾಡೂನಿನಲ್ಲಿ ಭಾರತೀಯ ಹುಡುಗರನ್ನು ಸೇನಾಧಿಕಾರಿಗಳಾಗಲು ಅಣಿಗೊಳಿಸುವ ಕಾಲೇಜು ಆರಂಭವಾಯಿತು. ತಿಮ್ಮಯ್ಯ ಅಲ್ಲಿಗೆ ಸೇರಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋದರು. ವರ್ಷಕ್ಕೆ ಬೆರಳೆಣಿಕೆಯಷ್ಟು ಭಾರತೀಯರಿಗೆ ಮಾತ್ರ ಅಲ್ಲಿ ಪ್ರವೇಶವಿದ್ದ ಕಾಲ ಅದು. 1926ರಲ್ಲಿ ಅಧಿಕಾರಿಯಾಗಿ ಹೊರಬಂದಾಗ ಅವರಿಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಸಮವಸ್ತ್ರದ ಸೆಖೆ

ಭಾರತೀಯ ಅಧಿಕಾರಿಗಳನ್ನು ತಯಾರು ಮಾಡುವುದಕ್ಕೆ ಬ್ರಿಟಿಷರು ಒಪ್ಪಿದರೂ ಅದಕ್ಕೊಂದು ಬೇಲಿ ಹಾಕಿದ್ದರು. 1923ರಲ್ಲಿ ಎಂಟು ಪಟಾಲಂಗಳನ್ನು ಬೇರ್ಪಡಿಸಿ, ಭಾರತೀಯರನ್ನು ಅವುಗಳಿಗೇ ಕಳುಹಿಸುವ ವ್ಯವಸ್ಥೆ ಮಾಡಲಾಯಿತು. ಬಿಳಿಯ ಅಧಿಕಾರಿ ಕರಿಯ ಅಧಿಕಾರಿಯ ಕೈಕೆಳಗೆ ದುಡಿಯುವ ಪ್ರಸಂಗ ಬರಬಾರದು ಎಂಬುದು ಇದರ ಹಿಂದಿನ ಎಣಿಕೆ. ತಿಮ್ಮಯ್ಯ ಸೇರಿದ 19ನೆಯ ಹೈದರಾಬಾದ್ ರೆಜಿಮೆಂಟಿನ 4ನೆಯ ಬೆಟಾಲಿಯನ್ ಅಂಥದ್ದೊಂದು. ಇದೇ ರೆಜಿಮೆಂಟ್ ಮುಂದೆ ಕುಮಾವೂಂ ರೆಜಿಮೆಂಟ್ ಎಂಬ ಹೆಸರು ಪಡೆಯಿತು. ಪೆರೇಡ್ ಮೈದಾನದಲ್ಲಿ ಸಮಾನ, ಕ್ಲಬ್ಬಿನ ಬಾಗಿಲಲ್ಲಿ ಅಸಮಾನ ಎಂಬ ಸ್ಥಿತಿಯನ್ನು ಆ ಪೀಳಿಗೆಯ ಎಲ್ಲ ಭಾರತೀಯ ಅಧಿಕಾರಿಗಳೂ ಉಂಡಿದ್ದಾರೆ.

ಇದಕ್ಕಿಂತ ದೊಡ್ಡ ಇಕ್ಕಟ್ಟು ಬೀದಿಯಲ್ಲಿತ್ತು. ಅವರ ದಳ ಅಲಹಾಬಾದಿನಲ್ಲಿದ್ದಾಗ ಸ್ವಾತಂತ್ರ್ಯ ಚಳವಳಿ ಕಾವೇರುತ್ತಿತ್ತು. ಹಂಫ್ರಿ ಇವಾನ್ಸ್ ಬರೆದ ತಿಮ್ಮಯ್ಯನವರ ಜೀವನಚರಿತ್ರೆಯಲ್ಲಿ ಅಲ್ಲಿನ ಒಂದು ಪ್ರಸಂಗ ಬರುತ್ತದೆ. ಚಿತ್ರಮಂದಿರದಲ್ಲಿ ಪಕ್ಕ ಕುಳಿತಿದ್ದ ಖಾದಿಧಾರಿ ಹಿರಿಯರೊಬ್ಬರು, ಬ್ರಿಟಿಷರ ಸಮವಸ್ತ್ರ ತೊಟ್ಟರೆ ಹೇಗನ್ನಿಸುತ್ತದೆ ಎಂದು ಈ ಯುವಕನನ್ನು ಕೇಳಿದರಂತೆ. ಸೆಖೆ ಆಗುತ್ತದೆ ಎಂಬ ಒಂದೇ ಮಾತಿನ ಉತ್ತರ ಬಂತು. ಹಿರಿಯರು ನಕ್ಕರು. ಅವರು ಮೋತಿಲಾಲ್ ನೆಹರೂ.

ಪರಿಚಯ ಬೆಳೆಯಿತು. ದೇಶವೇ ಜೈಲಿಗೆ ಹೋಗುತ್ತಿರುವಾಗ ಜೈಲಿಗೆ ಕಳುಹಿಸುವವರ ಕೈಕೆಳಗೆ ದುಡಿಯುವುದು ಸರಿಯೇ, ರಾಜೀನಾಮೆ ಕೊಟ್ಟುಬಿಡಬೇಕೇ ಎಂದು ತಿಮ್ಮಯ್ಯ ಮತ್ತು ಗೆಳೆಯರು ಮೋತಿಲಾಲರನ್ನೇ ಕೇಳಿದರು. ಬೇಡ ಎಂದರು ಮೋತಿಲಾಲ್. ನೀವು ಬಿಟ್ಟರೆ ಸಂತೋಷಪಡುವವರು ಬ್ರಿಟಿಷರು, ನಾಳೆ ಸ್ವಾತಂತ್ರ್ಯ ಬಂದಾಗ ಈ ದೇಶಕ್ಕೊಂದು ಸೈನ್ಯ ಬೇಕು, ಅದನ್ನು ನಡೆಸಲು ಕಲಿತವರು ಬೇಕು ಎಂಬುದು ಅವರ ವಾದ. ತಿಮ್ಮಯ್ಯ ಉಳಿದರು. ಈ ಉತ್ತರ ಅವರ ಮನಸ್ಸಿನ ತಳಮಳವನ್ನು ತೊಡೆಯಿತೇ ಎಂಬುದು ಬೇರೆ ಮಾತು. ಆದರೆ ಅಲ್ಲಿಂದಾಚೆಗೆ ಅವರ ಸೈನಿಕ ವೃತ್ತಿ ಮುಂದೆ ಹುಟ್ಟಲಿರುವ ದೇಶಕ್ಕಾಗಿ ಪಡೆಯುತ್ತಿದ್ದ ಶಿಕ್ಷಣವಾಯಿತು.

1935ರ ಜನವರಿಯಲ್ಲಿ ನೀನಾ ಅವರೊಂದಿಗೆ ಮದುವೆಯಾಯಿತು. ದಂಪತಿ ಕ್ವೆಟ್ಟಾದಲ್ಲಿದ್ದಾಗ, ಅದೇ ವರ್ಷದ ಮೇ 31ರ ನಸುಕಿನಲ್ಲಿ, ಆ ಊರನ್ನೇ ನೆಲಸಮ ಮಾಡಿದ ಭೂಕಂಪ ಸಂಭವಿಸಿತು. ಸಾವಿರಾರು ಮಂದಿ ಸತ್ತ ಆ ದುರಂತದಲ್ಲಿ ಗಾಯಾಳುಗಳ ಸೇವೆ ಮಾಡಿದ್ದಕ್ಕೆ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ಬಂತು.

ಒಂದೇ ಯುದ್ಧ, ಎರಡು ಬಣ

ಮಹಾಯುದ್ಧ ಆರಂಭವಾದಾಗ ತಿಮ್ಮಯ್ಯನವರ ಬೆಟಾಲಿಯನ್ ಸಿಂಗಪುರದಲ್ಲಿತ್ತು. ಅವರು ವರ್ಗ ಕೇಳಿ ಪಡೆದು ಭಾರತಕ್ಕೆ ಮರಳಿದರು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ಕೈವಶವಾಯಿತು. ಸಾವಿರಾರು ಭಾರತೀಯ ಸೈನಿಕರು ಸೆರೆಯಾದರು. ಅವರಲ್ಲಿ ಹಲವರು ಬೋಸರ ಸೈನ್ಯ ಸೇರಿದರು, ಹಲವರು ಸೇರದೆ ಸೆರೆಯಲ್ಲೇ ಕೊಳೆತರು. ಅಲ್ಲೇ ಉಳಿದಿದ್ದರೆ ತಿಮ್ಮಯ್ಯನವರಿಗೂ ಇದೇ ಆಯ್ಕೆ ಎದುರಾಗುತ್ತಿತ್ತು. ಅಣ್ಣ ಒಂದು ದಾರಿ ಹಿಡಿದರು, ತಮ್ಮ ಇನ್ನೊಂದು. ಇಬ್ಬರ ನಡುವಿನ ಅಂತರಕ್ಕೆ ತತ್ವ ಎಷ್ಟು ಕಾರಣವೋ ಒಂದು ವರ್ಗಾವಣೆಯ ಆದೇಶವೂ ಅಷ್ಟೇ ಕಾರಣವೆಂದರೆ ತಪ್ಪಾಗದು.

1944-45ರಲ್ಲಿ ತಿಮ್ಮಯ್ಯ ಬರ್ಮಾದ ಅರಕಾನ್ ಕರಾವಳಿಯಲ್ಲಿದ್ದರು. ಅಲ್ಲಿ 51ನೆಯ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳಿಗೆ ಭಾರತೀಯರೇ ನಾಯಕರು: ತಿಮ್ಮಯ್ಯ, ಎಸ್.ಪಿ.ಪಿ. ಥೋರಟ್ ಮತ್ತು ಎಲ್.ಪಿ. ಸೇನ್. ಭಾರತೀಯನಿಗೆ ಪಟಾಲಂ ನಡೆಸುವ ಶಕ್ತಿಯಿಲ್ಲ ಎನ್ನುತ್ತಿದ್ದವರಿಗೆ 1945ರ ಜನವರಿಯಲ್ಲಿ ಕಾಂಗಾವ್‌ನಲ್ಲಿ ನಡೆದ ಕೈಕೈ ಮಿಲಾಯಿಸಿದ ಕದನ ಉತ್ತರವಾಯಿತು. ಮೂವರಿಗೂ ಡಿ.ಎಸ್.ಒ. ಪದಕ ದೊರೆಯಿತು. ಯುದ್ಧ ಮುಗಿಯುವ ವೇಳೆಗೆ ತಿಮ್ಮಯ್ಯ ಬ್ರಿಗೇಡಿಯರ್ ಆಗಿದ್ದರು. 1945ರ ಸೆಪ್ಟೆಂಬರಿನಲ್ಲಿ ಸಿಂಗಪುರದಲ್ಲಿ ಜಪಾನೀಯರು ಶರಣಾಗತಿ ಪತ್ರಕ್ಕೆ ಸಹಿ ಹಾಕಿದಾಗ ಭಾರತೀಯ ಸೈನ್ಯದ ಪ್ರತಿನಿಧಿಯಾಗಿ ಅವರು ಹಾಜರಿದ್ದರು. ಮುಂದೆ ಜಪಾನಿಗೆ ತೆರಳಿದ ಭಾರತೀಯ ಬ್ರಿಗೇಡಿಗೂ ಅವರೇ ನಾಯಕರು.

ಸ್ವಾತಂತ್ರ್ಯ ಬಂದ ಮೇಲೆ ಆಜಾದ್ ಹಿಂದ್ ಫೌಜಿನವರನ್ನು ಜನ ವೀರರೆಂದು ಹೊತ್ತು ಮೆರೆಸಿದರು. ಆದರೆ ಹೊಸ ಸರ್ಕಾರ ಅವರನ್ನು ಸೈನ್ಯಕ್ಕೆ ಮರಳಿ ಸೇರಿಸಿಕೊಳ್ಳಲಿಲ್ಲ. ಒಮ್ಮೆ ಪ್ರತಿಜ್ಞೆ ಮುರಿದವರನ್ನು ಸೇರಿಸಿದರೆ ಸೈನ್ಯದ ಶಿಸ್ತು ಉಳಿಯದು ಎಂಬ ವಾದ ಗೆದ್ದಿತು. ಸನ್ನಿಸೈಡ್ ಮನೆಯ ಮಟ್ಟಿಗೆ ಇದು ಪತ್ರಿಕೆಯ ಸುದ್ದಿಯಾಗಿರಲಿಲ್ಲ, ಅಣ್ಣತಮ್ಮಂದಿರ ನಡುವಿನ ಸಂಗತಿಯಾಗಿತ್ತು.

ಹಿಮದಲ್ಲಿ ಟ್ಯಾಂಕು

1947ರ ಆಗಸ್ಟಿನಲ್ಲಿ ಪಂಜಾಬ್ ಹೊತ್ತಿ ಉರಿಯಿತು. ಅಲ್ಲಿನ ಗಡಿ ರಕ್ಷಣೆಗೆಂದು ರಚಿಸಿದ ಪಡೆಯಲ್ಲಿ ತಿಮ್ಮಯ್ಯ ಕೆಲಸ ಮಾಡಿದರು. ಸ್ಯಾಂಡ್‌ಹರ್ಸ್ಟ್‌ನಲ್ಲೇ ಕಲಿತ ಅಯೂಬ್ ಖಾನ್ ಕೂಡ ಆ ಪಡೆಯಲ್ಲಿದ್ದರು. ಅದು ವಿಸರ್ಜನೆಯಾದಾಗ ತಿಮ್ಮಯ್ಯ ಮೇಜರ್ ಜನರಲ್ ಆಗಿ 4ನೆಯ ಡಿವಿಷನ್ನಿನ ಹೊಣೆ ಹೊತ್ತು, ಲಕ್ಷಗಟ್ಟಲೆ ನಿರಾಶ್ರಿತರ ಸಾಲುಗಳಿಗೆ ಕಾವಲು ಒದಗಿಸಿದರು.

ಮರುವರ್ಷ ಕಾಶ್ಮೀರ. ಶ್ರೀನಗರದ ಡಿವಿಷನ್ನಿಗೆ ಅವರು ನಾಯಕರಾದಾಗ ಲಡಾಖ್ ಕೈಬಿಟ್ಟುಹೋಗುವ ಸ್ಥಿತಿಯಲ್ಲಿತ್ತು. 1948ರ ಮೇ ತಿಂಗಳಲ್ಲಿ ವಾಯುಪಡೆಯ ಮೆಹರ್ ಸಿಂಗ್ ಹಿಮಾಲಯದ ಶಿಖರಗಳನ್ನು ದಾಟಿ ಲೇಹ್‌ನ ಮರಳು ನೆಲದ ಮೇಲೆ ಡಕೋಟಾ ವಿಮಾನ ಇಳಿಸಿದರು. ಅಂಥ ಎತ್ತರಕ್ಕೆ ತಕ್ಕ ವಿಮಾನ ಅದಲ್ಲ, ದಾರಿ ತೋರುವ ನಕ್ಷೆಯೂ ಇರಲಿಲ್ಲ. ಅದರಲ್ಲಿ ಪ್ರಯಾಣಿಕರಾಗಿ ಹೋದವರು ತಿಮ್ಮಯ್ಯ. ಜವಾನರನ್ನು ಕಳುಹಿಸುವ ಮೊದಲು ತಾನು ಹೋಗಿ ಬರಬೇಕೆಂಬುದು ಅವರ ರೀತಿ. ಎಲ್ಲೆಡೆಯೂ ಅದೃಷ್ಟ ಕೈಹಿಡಿಯಲಿಲ್ಲ. ಆರು ತಿಂಗಳು ಮುತ್ತಿಗೆ ತಡೆದ ಸ್ಕರ್ದುವಿಗೆ ನೆರವು ಮುಟ್ಟಿಸಲಾಗದೆ ಆಗಸ್ಟಿನಲ್ಲಿ ಅದು ಶತ್ರುವಿನ ಪಾಲಾಯಿತು.

ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಎಂಬ ಕಣಿವೆ ಇದೆ. ಅಲ್ಲಿ ಬಂಡೆಗಳ ಮರೆಯಲ್ಲಿ ಕುಳಿತ ಶತ್ರುವನ್ನು ಕದಲಿಸಲು ಸೆಪ್ಟೆಂಬರಿನಲ್ಲಿ ಕಾಲಾಳು ಪಡೆ ಮಾಡಿದ ಪ್ರಯತ್ನಗಳು ವಿಫಲವಾದವು. ಚಳಿಗಾಲ ಬಂದರೆ ಲಡಾಖ್ ಸಂಪೂರ್ಣ ಕಡಿದುಹೋಗುತ್ತಿತ್ತು. ಆಗ ತಿಮ್ಮಯ್ಯನವರು ಟ್ಯಾಂಕುಗಳನ್ನು ಮೇಲೇರಿಸುವ ಯೋಜನೆ ಹಾಕಿದರು. ಅಷ್ಟೆತ್ತರದಲ್ಲಿ ಯಾರೂ ಟ್ಯಾಂಕು ನಡೆಸಿದ್ದಿಲ್ಲ. 7ನೆಯ ಲೈಟ್ ಕ್ಯಾವಲ್ರಿಯ ಹಗುರ ಸ್ಟೂವರ್ಟ್ ಟ್ಯಾಂಕುಗಳ ಮೇಲ್ಭಾಗವನ್ನು ಬಿಚ್ಚಿ, ಗುರುತು ಸಿಗದಂತೆ ಮುಚ್ಚಿ, ಜಮ್ಮುವಿನಿಂದ ಶ್ರೀನಗರದ ಮೂಲಕ ಸಾಗಿಸಲಾಯಿತು. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ನಡೆಯುವ ಕಿರುದಾರಿ. ಅದನ್ನು ಟ್ಯಾಂಕು ಹೋಗುವ ರಸ್ತೆಯಾಗಿ ಅಗಲಿಸಿದವರು ಮದ್ರಾಸ್ ಸ್ಯಾಪರ್ಸ್ ಪಡೆಯವರು. ಬೆಂಗಳೂರೇ ಆ ಪಡೆಯ ತವರು.

ನವೆಂಬರ್ 1ರಂದು ಹಿಮ ಬೀಳುತ್ತಿದ್ದಂತೆಯೇ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ಮುಂಚೂಣಿಯ ಟ್ಯಾಂಕಿನಲ್ಲಿ ಡಿವಿಷನ್ನಿನ ನಾಯಕರೇ ಇದ್ದರು. ಶತ್ರುಗಳು ದಿಗ್ಭ್ರಮೆಗೊಂಡು ಕಾಲ್ತೆಗೆದರು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಎರಡೂ ಮರಳಿ ಕೈಸೇರಿದವು. ಇಂದಿನ ಭಾರತದ ನಕ್ಷೆಯಲ್ಲಿ ಲಡಾಖ್ ಇರುವುದಕ್ಕೆ ಆ ಮಧ್ಯಾಹ್ನದ ಋಣವಿದೆ.

ಯಾರ ದೇಶ ಯಾವುದು?

ಐದು ವರ್ಷಗಳ ನಂತರ ನಿಷ್ಠೆಯ ಪ್ರಶ್ನೆ ವಿಚಿತ್ರ ರೂಪದಲ್ಲಿ ಎದುರಾಯಿತು. ಕೊರಿಯಾ ಯುದ್ಧ 1953ರ ಜುಲೈನಲ್ಲಿ ನಿಂತಾಗ, ಸ್ವದೇಶಕ್ಕೆ ಹಿಂದಿರುಗಲು ಒಲ್ಲೆವೆಂದ ಸೆರೆಯಾಳುಗಳು 22,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಚೀನೀಯರು, ಉಳಿದವರು ಉತ್ತರ ಕೊರಿಯಾದವರು. ಇನ್ನೊಂದು ಬದಿಯಲ್ಲಿ ಮುನ್ನೂರರಷ್ಟು ದಕ್ಷಿಣ ಕೊರಿಯನ್ನರೂ 23 ಅಮೆರಿಕನ್ನರೂ ಒಬ್ಬ ಬ್ರಿಟಿಷನೂ ಕಮ್ಯುನಿಸ್ಟರ ಜತೆ ಉಳಿಯಬಯಸಿದ್ದರು. ಇವರ ಮನದಿಂಗಿತ ಅರಿಯಲು ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅಧ್ಯಕ್ಷತೆ ಭಾರತಕ್ಕೆ ಬಂತು, ತಿಮ್ಮಯ್ಯ ಅಧ್ಯಕ್ಷರಾದರು. ಸೆರೆಯಾಳುಗಳನ್ನು ಕಾಯುವ ಭಾರತೀಯ ಪಡೆಗೆ ಅರಕಾನಿನ ಹಳೆಯ ಒಡನಾಡಿ ಥೋರಟ್ ನಾಯಕರು.

ಕಷ್ಟ ಮೊದಲ ದಿನದಿಂದಲೇ. ಭಾರತದ ಸೈನಿಕರು ತನ್ನ ನೆಲ ತುಳಿಯಬಾರದೆಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಪಟ್ಟು ಹಿಡಿದರು. ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಅವರನ್ನು ನೇರ ಸೇನಾಮುಕ್ತ ವಲಯಕ್ಕೆ ಒಯ್ಯಬೇಕಾಯಿತು. ಶಿಬಿರಗಳೊಳಗೆ ಸೆರೆಯಾಳುಗಳ ಮುಖಂಡರದೇ ರಾಜ್ಯ. ಊರಿಗೆ ಹೋಗುವೆನೆಂದು ಬಾಯಿಬಿಟ್ಟವನ ಜೀವಕ್ಕೇ ಅಪಾಯ. ಆಯೋಗದಲ್ಲಿ ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ಎಳೆದರೆ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ತೂಕ ಯಾವ ಕಡೆ ವಾಲಬೇಕೆಂಬುದು ಬಹುತೇಕ ಸಲ ತಿಮ್ಮಯ್ಯನವರ ಮತದಲ್ಲಿತ್ತು. ಸೆರೆಯಾಳುಗಳನ್ನು ಬಲವಂತದಿಂದ ವಿಚಾರಣೆಗೆ ಎಳೆದು ತರಲು ಅವರು ಒಪ್ಪಲಿಲ್ಲ, ಅದರಿಂದ ಚೀನ ಸಿಟ್ಟಾಯಿತು. ಅವಧಿಗೆ ಮುನ್ನ ಎಲ್ಲರನ್ನೂ ಬಿಟ್ಟುಬಿಡಲೂ ಒಪ್ಪಲಿಲ್ಲ, ಅದರಿಂದ ರೀ ಕೆರಳಿದರು. ಎರಡೂ ಬಣಗಳ ಬೈಗುಳ ತಿಂದದ್ದೇ ಅವರು ನಡುವಿನ ದಾರಿಯಲ್ಲಿದ್ದರು ಎಂಬುದಕ್ಕೆ ಪುರಾವೆ.

ಕೊನೆಗೆ ಮನಸ್ಸು ಬದಲಿಸಿ ಊರಿಗೆ ಮರಳಿದವರು ಆರು ನೂರರಷ್ಟು ಮಂದಿ ಮಾತ್ರ. ಎರಡೂ ಕಡೆ ಬೇಡವೆಂದ 88 ಮಂದಿ ಭಾರತೀಯ ಪಡೆಯೊಡನೆ ಭಾರತಕ್ಕೆ ಬಂದರು. 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ಸಂದಿತು.

ಹಿಂತೆಗೆದ ರಾಜೀನಾಮೆ

1957ರ ಮೇ ತಿಂಗಳಲ್ಲಿ ಅವರು ಭೂಸೇನಾ ಮುಖ್ಯಸ್ಥರಾದರು. ಅದೇ ವರ್ಷ ವಿ.ಕೆ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿ ಬಂದರು. ಮೆನನ್ ಪ್ರಖರ ಬುದ್ಧಿಯ, ಮೊನಚು ನಾಲಗೆಯ ವ್ಯಕ್ತಿ. ಹಿರಿಯ ಅಧಿಕಾರಿಗಳ ಬಡ್ತಿಯಲ್ಲಿ ಅವರು ಕೈಹಾಕತೊಡಗಿದರು. ಬಿ.ಎಂ. ಕೌಲ್ ಅವರಿಗೆ ಲೆಫ್ಟಿನೆಂಟ್ ಜನರಲ್ ಹುದ್ದೆ ಕೊಡುವ ವಿಷಯದಲ್ಲಿ ಮುಖ್ಯಸ್ಥರ ಮಾತು ನಡೆಯಲಿಲ್ಲ. 1959ರ ಆಗಸ್ಟ್ 31ರಂದು ತಿಮ್ಮಯ್ಯ ರಾಜೀನಾಮೆ ಸಲ್ಲಿಸಿದರು. ಅದಕ್ಕೆ ಕೆಲವೇ ದಿನ ಮುಂಚೆ ಈಶಾನ್ಯ ಗಡಿಯ ಲೋಂಗ್ಜು ಠಾಣ್ಯದ ಮೇಲೆ ಚೀನೀಯರು ಗುಂಡು ಹಾರಿಸಿದ್ದರು.

ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಕರೆಸಿ ಮನವೊಲಿಸಿದರು. ತಂದೆಯ ಮಾತಿಗೆ ಒಮ್ಮೆ ರಾಜೀನಾಮೆಯ ಯೋಚನೆ ಬಿಟ್ಟಿದ್ದ ತಿಮ್ಮಯ್ಯ, ಮಗನ ಮಾತಿಗೆ ಬರೆದ ರಾಜೀನಾಮೆಯನ್ನೇ ಹಿಂತೆಗೆದುಕೊಂಡರು. ಅಷ್ಟರಲ್ಲಿ ಸುದ್ದಿ ಪತ್ರಿಕೆಗೆ ಸೋರಿತ್ತು. ಸೆಪ್ಟೆಂಬರ್ 2ರಂದು ಲೋಕಸಭೆಯಲ್ಲಿ ನೆಹರೂ, ಭಿನ್ನಾಭಿಪ್ರಾಯಗಳು ಕ್ಷುಲ್ಲಕವೆಂಬಂತೆ ಮಾತಾಡಿ, ನಾಗರಿಕ ಸರ್ಕಾರದ ಅಧಿಕಾರವೇ ಪರಮವೆಂದು ಒತ್ತಿ ಹೇಳಿದರು. ತಿಮ್ಮಯ್ಯ ಹಿಂದೆ ಸರಿದಿದ್ದರು. ಪ್ರತಿಯಾಗಿ ಅವರಿಗೇನೂ ದಕ್ಕಲಿಲ್ಲ. ಮೆನನ್ ಉಳಿದರು, ಕೌಲ್ ಮೇಲೇರಿದರು.

ತಿಮ್ಮಯ್ಯ ಆಗ ಗಟ್ಟಿಯಾಗಿ ನಿಂತಿದ್ದರೆ ದೇಶ 1959ರಲ್ಲೇ ಎಚ್ಚೆತ್ತುಕೊಳ್ಳುತ್ತಿತ್ತು ಎನ್ನುವವರಿದ್ದಾರೆ. ಅವರ ವಾದದಲ್ಲಿ ಬಲವಿದೆ. ಈಸ್ಟರ್ನ್ ಕಮಾಂಡಿನ ಮುಖ್ಯಸ್ಥರಾಗಿದ್ದ ಥೋರಟ್ 1960ರಲ್ಲಿ ‘ಲಾಲ್ ಕಿಲಾ’ ಎಂಬ ಅಣಕು ಕದನ ನಡೆಸಿ, ಚೀನ ದಾಳಿ ಮಾಡಿದರೆ ಈಶಾನ್ಯ ಗಡಿಯಲ್ಲಿ ಏನಾದೀತೆಂದು ತೋರಿಸಿದ್ದರು. ದೆಹಲಿ ಅದಕ್ಕೆ ಕಿವಿಗೊಡಲಿಲ್ಲ. ತಮ್ಮ ನಂತರ ಥೋರಟ್ ಬರಲೆಂದು ತಿಮ್ಮಯ್ಯ ಬಯಸಿದರು, ಬಂದವರು ಪಿ.ಎನ್. ಥಾಪರ್. ನಿವೃತ್ತಿಯ ನಂತರ, 1962ರ ಜುಲೈನಲ್ಲಿ, ‘ಸೆಮಿನಾರ್’ ಪತ್ರಿಕೆಯ ಲೇಖನವೊಂದರಲ್ಲಿ ತಿಮ್ಮಯ್ಯ ತೆರೆದ ಯುದ್ಧದಲ್ಲಿ ಭಾರತ ಒಂಟಿಯಾಗಿ ಚೀನವನ್ನು ಎದುರಿಸುವುದು ಸೈನಿಕನಾಗಿ ತಮ್ಮ ಕಲ್ಪನೆಗೆ ನಿಲುಕದು ಎಂಬ ಅಭಿಪ್ರಾಯ ಮುಂದಿಟ್ಟರು. ಮೂರೇ ತಿಂಗಳಲ್ಲಿ ಯುದ್ಧ ಬಂತು. ಪಂಜಾಬಿನಲ್ಲಿ ಅವರು ನಡೆಸಿದ್ದ 4ನೆಯ ಡಿವಿಷನ್ನೇ ಈಶಾನ್ಯದ ಬೆಟ್ಟಗಳಲ್ಲಿ ಚದುರಿಹೋಯಿತು. ಮೆನನ್ ಹುದ್ದೆ ಬಿಟ್ಟರು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. 1958ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಆಡಳಿತವನ್ನು ಸೈನ್ಯದ ಬಲದಿಂದ ವಶಪಡಿಸಿಕೊಂಡವರು ಪಂಜಾಬ್ ಗಡಿ ಪಡೆಯ ಹಳೆಯ ಸಹೋದ್ಯೋಗಿ ಅಯೂಬ್ ಖಾನ್. ಅದೇ ತಿಂಗಳು ಬರ್ಮಾದಲ್ಲೂ ಸೇನಾಪತಿ ನೆ ವಿನ್ ಸರ್ಕಾರದ ಚುಕ್ಕಾಣಿ ಹಿಡಿದರು. ಸುತ್ತಲೂ ಹೀಗಿರುವಾಗ, ಜವಾನರ ಅಚ್ಚುಮೆಚ್ಚಿನ ನಾಯಕನೊಬ್ಬ ಸಚಿವರ ವಿರುದ್ಧ ಸಿಡಿದು ಹೊರನಡೆದಿದ್ದರೆ ಅದು ಎಲ್ಲಿಗೆ ಮುಟ್ಟುತ್ತಿತ್ತೋ! ತಿಮ್ಮಯ್ಯ ಬಳಸಿದ್ದು ಪ್ರಜಾಪ್ರಭುತ್ವ ಸೈನಿಕನಿಗೆ ಕೊಟ್ಟಿರುವ ಒಂದೇ ಅಸ್ತ್ರವನ್ನು, ರಾಜೀನಾಮೆ ಪತ್ರವನ್ನು. ಅದನ್ನು ಹಿಂತೆಗೆದುಕೊಂಡು ತಮ್ಮ ಹೆಸರಿಗೆ ಕುಂದು ತಂದುಕೊಂಡರು. ನಾಗರಿಕ ಸರ್ಕಾರದ ಮೇಲ್ಮೆಗೆ ಕುಂದು ತರಲಿಲ್ಲ. ಸೈನಿಕ ಮೌನವಾಗಿ ತಲೆಬಾಗಿದ್ದು ಸರಿಯೆಂದರೂ, ಅವನ ತಿಳಿವಳಿಕೆಗೆ ಆಳುವವರು ಕಿವಿಮುಚ್ಚಿದ್ದು ಸರಿಯೆನ್ನಲಾಗದು. 1962ರ ಬೆಲೆ ತೆತ್ತವರು ಇಬ್ಬರೂ ಅಲ್ಲ, ಬೇಸಗೆ ಬಟ್ಟೆಯಲ್ಲಿ ಹಿಮದ ಗಡಿಗೆ ಹೋದ ಜವಾನರು.

ದ್ವೀಪದಲ್ಲಿ ಕೊನೆ

1961ರಲ್ಲಿ ನಿವೃತ್ತರಾಗಿ ಕೊಡಗಿನ ಕಾಫಿ ತೋಟಕ್ಕೆ ಮರಳಿದ ತಿಮ್ಮಯ್ಯನವರನ್ನು 1964ರಲ್ಲಿ ವಿಶ್ವಸಂಸ್ಥೆ ಕರೆಯಿತು. ಗ್ರೀಕರು ಮತ್ತು ತುರ್ಕರು ಕಾದಾಡುತ್ತಿದ್ದ ಸೈಪ್ರಸ್ ದ್ವೀಪದಲ್ಲಿ ಶಾಂತಿಪಾಲನಾ ಪಡೆಯ ನಾಯಕತ್ವ ಅವರ ಪಾಲಿಗೆ ಬಂತು. ಆ ಆಗಸ್ಟಿನಲ್ಲಿ ತುರ್ಕಿಯ ವಿಮಾನಗಳು ದ್ವೀಪದ ಮೇಲೆ ಬಾಂಬು ಸುರಿಸಿದವು. ಹಲವು ದೇಶಗಳ ಸೈನಿಕರಿದ್ದ ಆ ಪಡೆಗೆ ಯಾರನ್ನೂ ಗೆಲ್ಲುವ ಆದೇಶವಿರಲಿಲ್ಲ, ಇಬ್ಬರನ್ನೂ ದೂರ ಇಡುವುದಷ್ಟೇ ಕೆಲಸ. 1965ರ ಡಿಸೆಂಬರಿನಲ್ಲಿ, ಕರ್ತವ್ಯದಲ್ಲಿರುವಾಗಲೇ, ಹೃದಯಾಘಾತದಿಂದ ಅಲ್ಲೇ ತೀರಿಕೊಂಡರು. ದೇಹವನ್ನು ಬೆಂಗಳೂರಿಗೆ ತಂದು ಸಮಾಧಿ ಮಾಡಲಾಯಿತು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು.

ತವರಿನ ನೆನಪು ನಿಧಾನವಾಗಿ ಮರಳಿತು. ಸನ್ನಿಸೈಡ್ ಮನೆ ಬಹುಕಾಲ ಆರ್‌ಟಿಒ ಕಚೇರಿಯಾಗಿತ್ತು. ಮಾಜಿ ಸೈನಿಕರ ಒತ್ತಾಯದಿಂದ ಅದು ಸ್ಮಾರಕ ಭವನವಾಗಿ, 2021ರ ಫೆಬ್ರವರಿಯಲ್ಲಿ ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಉದ್ಘಾಟನೆಗೊಂಡಿತು. ಅಲ್ಲಿಗೆ ಹೋದವರ ಕಣ್ಣು ಮೊದಲು ಹೋಗುವುದು ಕೋವಿಗಳ ಕಡೆಗೆ, ಪದಕಗಳ ಕಡೆಗೆ. ಆದರೆ ತಿಮ್ಮಯ್ಯನವರ ಜೀವನದಲ್ಲಿ ಅತ್ಯಂತ ಕಠಿಣವಾಗಿದ್ದದ್ದು ಗುಂಡು ಹಾರಿಸಿದ ಗಳಿಗೆಗಳಲ್ಲ. ಅಲಹಾಬಾದಿನಲ್ಲಿ ಬರೆಯದ, ದೆಹಲಿಯಲ್ಲಿ ಬರೆದು ಹಿಂತೆಗೆದುಕೊಂಡ ಎರಡು ರಾಜೀನಾಮೆಗಳ ಮುಂದೆ ಕುಳಿತ ಗಳಿಗೆಗಳು. ಸೈನ್ಯ ಸರ್ಕಾರಕ್ಕೆ ವಿಧೇಯವಾಗಿರಬೇಕು ಎಂಬುದನ್ನು ಭಾರತ ಇಂದು ಸಹಜವೆಂದು ಭಾವಿಸಿದೆ. ಅದು ಸಹಜವಾಗಿ ಬಂದದ್ದಲ್ಲ. ಹಾಗೆ ನಡೆದುಕೊಂಡವರು ಮನಸ್ಸಿನೊಳಗೆ ತೆತ್ತ ಬೆಲೆಯಿಂದ ಬಂದದ್ದು.